ಸೈ-ಫೈ ಚಿತ್ರಕಥೆಯಲ್ಲಿ ಯಂತ್ರದ ವಿವರಣೆ: ಎಷ್ಟು, ಎಲ್ಲಿ, ಯಾರ ಬಾಯಲ್ಲಿ?

ಚಿತ್ರಕಥೆಯ ಮೊದಲ ಕರಡು ಮುಗಿದ ಮೇಲೆ ಅದರಲ್ಲಿ ಬರುವ ಕಾಲ್ಪನಿಕ ಯಂತ್ರಗಳನ್ನೆಲ್ಲ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ ಮೂರು ಸಾಲು ಬರೆಯಿರಿ: ಏನು ಮಾಡುತ್ತದೆ, ಏನು ಮಾಡಲಾರದು, ಬಳಸಿದವರು ಏನು ತೆರಬೇಕು. ಹೇಗೆ ಕೆಲಸ ಮಾಡುತ್ತದೆ ಎಂಬ ನಾಲ್ಕನೇ ಸಾಲು ಸದ್ಯಕ್ಕೆ ಬೇಡ. ಈಗ ಕ್ಲೈಮ್ಯಾಕ್ಸ್ ಯಾವ ಯಂತ್ರದ ಮೇಲೆ ನಿಂತಿದೆಯೋ ಅದಕ್ಕೆ ಗುರುತು ಹಾಕಿ. ವಿವರಣೆ ಬೇಕಾಗುವುದು ಬಹುಮಟ್ಟಿಗೆ ಅದೊಂದಕ್ಕೇ. ಹಾರುವ ಕಾರು, ಗಾಳಿಯಲ್ಲಿ ತೇಲುವ ಪರದೆ ಇಂಥವನ್ನು ಪಾತ್ರಗಳು ಮಾಮೂಲಿ ವಸ್ತುವಿನಂತೆ ಬಳಸಲಿ. ಅವರು ಬೆರಗಾಗದಿದ್ದರೆ ಪ್ರೇಕ್ಷಕರೂ ಪ್ರಶ್ನೆ ಎತ್ತುವುದಿಲ್ಲ.

1985ರ ‘ಬ್ಯಾಕ್ ಟು ದಿ ಫ್ಯೂಚರ್’ ನೋಡಿ. ಕಾಲದಲ್ಲಿ ಹಿಂದಕ್ಕೋ ಮುಂದಕ್ಕೋ ಹೋಗಲು ಕಾರು ಗಂಟೆಗೆ 88 ಮೈಲಿ ವೇಗ ಮುಟ್ಟಬೇಕು, 1.21 ಗಿಗಾವ್ಯಾಟ್ ವಿದ್ಯುತ್ ಸಿಗಬೇಕು. ಕಾಲಪ್ರಯಾಣ ಮಾಡಿಸುವ ಸಾಧನವಾದ ಫ್ಲಕ್ಸ್ ಕೆಪಾಸಿಟರ್‌ನ ಒಳಗೆ ಏನು ನಡೆಯುತ್ತದೆಂದು ಚಿತ್ರ ಬಿಡಿಸಿ ಹೇಳುವುದೇ ಇಲ್ಲ. ಆದರೂ ಸಿಡಿಲು ಬಡಿಯುವ ಕ್ಷಣಕ್ಕೆ ಸರಿಯಾಗಿ ಕಾರು ತಂತಿ ಮುಟ್ಟಬೇಕೆಂಬ ಆತಂಕವೆಲ್ಲ ಹುಟ್ಟುವುದು ಆ ಎರಡು ಸಂಖ್ಯೆಗಳಿಂದಲೇ.

ನಾಲ್ಕನೇ ಸಾಲು ಬೇಕಾಗುವ ಸಂದರ್ಭವೂ ಉಂಟು: ಯಂತ್ರ ಕೆಲಸ ಮಾಡುವ ರೀತಿಯೇ ಅನಾಹುತಕ್ಕೆ ಕಾರಣವಾಗುವಾಗ. ‘ಜುರಾಸಿಕ್ ಪಾರ್ಕ್’ (1993) ಡೈನೋಸಾರ್‌ಗಳ ಡಿಎನ್‌ಎಯಲ್ಲಿನ ಖಾಲಿ ಜಾಗಗಳನ್ನು ಕಪ್ಪೆಯ ಡಿಎನ್‌ಎಯಿಂದ ತುಂಬಿದ್ದನ್ನು ಪ್ರವಾಸಿಗರಿಗಾಗಿ ಮಾಡಿದ ಕಾರ್ಟೂನಿನಲ್ಲಿ ಹೇಳಿಬಿಡುತ್ತದೆ. ಹೆಣ್ಣುಗಳೇ ಇರುವ ಉದ್ಯಾನದಲ್ಲಿ ಒಡೆದ ಮೊಟ್ಟೆಗಳು ಕಂಡಾಗ ಆ ಮಾತೇ ಉತ್ತರವಾಗುತ್ತದೆ: ಕೆಲವು ಕಪ್ಪೆಗಳು ಲಿಂಗ ಬದಲಿಸಬಲ್ಲವು. ಮುಂದೆ ಹೀಗೆ ಕೆಲಸಕ್ಕೆ ಬಾರದ ವಿವರವನ್ನು, ಎಷ್ಟೇ ಚೆಂದವಿರಲಿ, ತೆಗೆಯಿರಿ.

ಇನ್ನು ಜಾಗ ಮತ್ತು ಅಳತೆ. ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ. 110 ಪುಟದ ಕಥೆಯಲ್ಲಿ ಯಂತ್ರದ ಮುಖ್ಯ ನಿಯಮ 30ನೇ ಪುಟದೊಳಗೆ ಬರಲಿ, ಒಂದೇ ಏಟಿಗೆ ಅರ್ಧ ಪುಟ ಮೀರದಿರಲಿ. ಮಾತಿನಲ್ಲಿ ಒಮ್ಮೆ ಹೇಳಿದ್ದನ್ನು ಕಥೆಯ ನಡುಭಾಗದಲ್ಲಿ ಇನ್ನೊಮ್ಮೆ ಕಣ್ಣಿಗೆ ತೋರಿಸಿ. ಯಂತ್ರ ಕೈಕೊಡುವ ದೃಶ್ಯ ಇದಕ್ಕೆ ತುಂಬ ಒಳ್ಳೆಯದು, ಮಿತಿ ಮನಸ್ಸಿನಲ್ಲಿ ನಿಲ್ಲುವುದು ಆಗಲೇ.

ಹೆಚ್ಚಿನ ಕರಡುಗಳು ಎಡವುವುದು ಸಂಭಾಷಣೆಯಲ್ಲಿ. ಮನುಷ್ಯರನ್ನು ನಿದ್ದೆಯಲ್ಲಿಡುವ ಪೆಟ್ಟಿಗೆಯೊಂದಿದೆ ಎನ್ನಿ. ಒಬ್ಬ ವಿಜ್ಞಾನಿ ಇನ್ನೊಬ್ಬರಿಗೆ, “ನಿಮಗೆ ಗೊತ್ತೇ ಇದೆಯಲ್ಲ ಡಾಕ್ಟರ್, ಇದು ಕ್ವಾಂಟಮ್ ಕ್ಷೇತ್ರದಿಂದ ಜೀವಕೋಶಗಳ ಚಟುವಟಿಕೆಯನ್ನು ತಡೆಹಿಡಿಯುತ್ತದೆ” ಎನ್ನುತ್ತಾನೆ. ಗೊತ್ತಿದ್ದವರಿಗೆ ಯಾಕೆ ಹೇಳಬೇಕು? ‘ಕ್ವಾಂಟಮ್’ ಎಂದರೆ ಭೌತಶಾಸ್ತ್ರ ಓದಿದವರು ತಕರಾರು ತೆಗೆಯುತ್ತಾರೆ, ಓದದವರಿಗೆ ಏನೂ ದಕ್ಕುವುದಿಲ್ಲ. ಅದರ ಬದಲು ಪೆಟ್ಟಿಗೆಯೊಳಗೆ ಮಲಗಬೇಕಾದವಳೇ ಕೇಳಲಿ:

“ಎಷ್ಟು ಹೊತ್ತು ಇರಬಹುದು?”
“ಆರು ಗಂಟೆ.”
“ಏಳಾದರೆ?”

ತಂತ್ರಜ್ಞ ಉತ್ತರಿಸದೆ ಪಕ್ಕದ ಪೆಟ್ಟಿಗೆಯ ಮೇಲಿನ ಹೆಸರಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆಯುತ್ತಾನೆ. ಮಿತಿಯೂ ಬಂತು, ಬೆಲೆಯೂ ಬಂತು, ಹತ್ತು ಸೆಕೆಂಡು ದಾಟಲಿಲ್ಲ. ಪ್ರಶ್ನೆ ಕೇಳುವವರಿಗೆ ಉತ್ತರದ ತುರ್ತು ಇದ್ದಾಗ ವಿವರಣೆ ಪಾಠದಂತೆ ಕೇಳಿಸುವುದಿಲ್ಲ.

ಕಡಿಮೆ ಹೇಳಿದರೆ ಆಗುವ ಕೆಡುಕು ಬೇರೆ. ಕ್ಲೈಮ್ಯಾಕ್ಸಿನಲ್ಲಿ ಯಂತ್ರಕ್ಕೆ ಇದ್ದಕ್ಕಿದ್ದಂತೆ ಹೊಸ ಶಕ್ತಿ ಬಂದರೆ ನಾಯಕಿಯ ಗೆಲುವು ಬಿಟ್ಟಿ ಗೆಲುವಾಗುತ್ತದೆ. ಆಗ ಆ ಶಕ್ತಿಯ ಸುಳಿವನ್ನು ಮೊದಲಾರ್ಧದಲ್ಲೇ, ನಾಯಕಿಗೆ ಅದು ತೊಂದರೆ ಕೊಡುವ ರೂಪದಲ್ಲಿ ಇಡಿ. ಗೆಲ್ಲಲು ನೆರವಾಗುವ ಗುಣ ಮೊದಲು ಅಡ್ಡಿಯಾಗಿ ಕಂಡಿದ್ದರೆ ಯಾರಿಗೂ ಅನುಕೂಲಕ್ಕೆ ತಂದದ್ದು ಅನ್ನಿಸುವುದಿಲ್ಲ. ನಿಯಮವನ್ನು ಒಮ್ಮೆ ಹಾಕಿದ ಮೇಲೆ ನೀವೂ ಮುರಿಯಬೇಡಿ; ಆರು ಗಂಟೆ ಎಂದರೆ ಆರೇ.

ಕೊನೆಗೆ ವಿವರಣೆಯ ಸಾಲುಗಳಿಗೆಲ್ಲ ಗೆರೆ ಎಳೆದು, ಅವುಗಳನ್ನು ಬಿಟ್ಟ ಪ್ರತಿಯನ್ನು ಕಥೆ ಗೊತ್ತಿಲ್ಲದ ಇಬ್ಬರು ಮೂವರಿಗೆ ಓದಲು ಕೊಡಿ. “ಇದು ಹೇಗೆ ಕೆಲಸ ಮಾಡುತ್ತೆ?” ಎಂದು ಕೇಳಿದರೆ ಚಿಂತೆಯಿಲ್ಲ, ಅದು ಕುತೂಹಲ. “ಅವಳು ಯಾಕೆ ಸುಮ್ಮನೆ ಆ ಯಂತ್ರ ಬಳಸಲಿಲ್ಲ?” ಎಂದು ಕೇಳಿದರೆ ಮಿತಿ ಮುಟ್ಟಿಲ್ಲ ಎಂದರ್ಥ. ಎರಡನೇ ಪ್ರಶ್ನೆ ಎದ್ದ ಪುಟಕ್ಕಿಂತ ಹಿಂದೆ, ತೆಗೆದ ಸಾಲುಗಳಲ್ಲಿ ಒಂದನ್ನು ಮಾತ್ರ ವಾಪಸ್ ಸೇರಿಸಿ, ಹೊಸಬರೊಬ್ಬರಿಗೆ ಓದಿಸಿ.