ಟೆರೇಸ್ ಮಲ್ಲಿಗೆಗೆ ಕಾಫಿ ಚರಟ: ನನ್ನ ಅನುಭವ

ಮೊನ್ನೆ ಭಾನುವಾರ ನಮ್ಮ ಟೆರೇಸಿನ 12 ಗಿಡಗಳಿಂದ ಒಂದು ಚೆಂಡು ಮಲ್ಲಿಗೆ ಪೂರ್ತಿ ಸಿಕ್ಕಿತು. ಚೆಂಡಿಗೆ ಸುಮಾರು 800 ಹೂ ಅಂದರೆ ಲೆಕ್ಕ ಹಾಕಿ. ಮಲ್ಲಿಗೆಗೆ ಹೆಸರಾದ ಉಡುಪಿ ಹತ್ತಿರದ ಶಂಕರಪುರದಲ್ಲೇ ಹುಟ್ಟಿ ಬೆಳೆದ ನನ್ನ ಅತ್ತೆ ಬಾಳೆನಾರಿನಲ್ಲಿ ಹೂ ಕಟ್ಟುತ್ತಾ, "ಬುಡಕ್ಕೆ ಎಂಥ ಹಾಕಿದ್ದು?" ಅಂತ ತಾವಾಗಿಯೇ ಕೇಳಿದರು. ಎರಡು ವರ್ಷದ ಹಿಂದೆ ಇದೇ ಅತ್ತೆ, "ಮಲ್ಲಿಗೆಗೆ ಯಾರಾದ್ರೂ ಕಾಫಿ ಕುಡಿಸ್ತಾರಾ ಮಾರಾಯ್ತಿ? ಸುಮ್ನೆ ಹಿಂಡಿ ಗೊಬ್ಬರ ಹಾಕು" ಅಂದಿದ್ದರು.

ಆಗ ಅವರು ಹೇಳಿದ್ದು ಸರಿಯೇ. ಫಿಲ್ಟರಿನ ಚರಟವನ್ನು ಹಸಿಯಾಗಿಯೇ ಬುಡಕ್ಕೆ ಸುರಿಯುತ್ತಿದ್ದೆ. ಹದಿನೈದು ದಿನದಲ್ಲಿ ಮೇಲೆ ಗಟ್ಟಿ ಪದರ ಕಟ್ಟಿತು. ಬೆರಳಿನಿಂದ ಎಬ್ಬಿಸಿದರೆ ಹೆಂಚಿನ ಚೂರಿನ ಹಾಗೆ ಎದ್ದು ಬಂತು. ಅಡಿಯಲ್ಲಿ ಬಿಳಿ ಬೂಸ್ಟು, ಅದರ ಕೆಳಗೆ ಮಣ್ಣು ಒಣಒಣ. ಹಾಕಿದ ನೀರೆಲ್ಲ ಚಟ್ಟಿಯ ಅಂಚಿನಿಂದ ಇಳಿದು ಹೋಗುತ್ತಿತ್ತು. ಎರಡು ಗಿಡ ಸತ್ತವು, ಹತ್ತಿರ ಹತ್ತಿರ 600 ರೂಪಾಯಿ ಹೋಯಿತು.

ಜೂನಿನಲ್ಲಿ ಚರಟ ಒಣಗಿಸಲು ಹೊರಟದ್ದು ಎರಡನೇ ತಪ್ಪು. ನಮ್ಮ ಮಳೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಅಲ್ವಾ? ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಟ್ಟ ಹತ್ತು ಕಿಲೋ ಹುಳಿ ವಾಸನೆ ಹೊಡೆಯಿತು.

ಈಗ ಚರಟ ಒಂದು ಪಾಲು, ಒಣ ತರಗೆಲೆ ಮೂರು ಪಾಲು, ಒಂದಿಷ್ಟು ಹಟ್ಟಿಗೊಬ್ಬರ. ಎಲ್ಲ ತೂತು ಕೊರೆದ ಹಳೇ ಡ್ರಮ್ಮಿಗೆ. ಹಲಸಿನ ಎಲೆಯಾದರೆ ಮುರಿದು ಹಾಕಿ, ಇಡೀ ಎಲೆ ಬೇಗ ಕೊಳೆಯುವುದಿಲ್ಲ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ವಾರಕ್ಕೊಮ್ಮೆ ಮಗುಚುತ್ತೇನೆ. ಎರಡೂವರೆ, ಮೂರು ತಿಂಗಳಲ್ಲಿ ಕಾಫಿ ವಾಸನೆ ಪೂರ್ತಿ ಹೋಗಿ ಮಣ್ಣಿನ ವಾಸನೆ ಬರುತ್ತದೆ. ಅಲ್ಲಿಯವರೆಗೆ ಗಿಡದ ಹತ್ತಿರ ತರುವುದೇ ಬೇಡ. ಮಳೆಗಾಲದಲ್ಲಿ ಹುಳಿ ಬರದಂತೆ ನಾನು ಇನ್ನೊಂದು ವಸ್ತು ಸೇರಿಸುತ್ತೇನೆ. ಅದನ್ನು ಇನ್ನೊಂದು ಮಳೆಗಾಲ ನೋಡಿಯೇ ಹೇಳುತ್ತೇನೆ.

ಮನೆಯ ಚರಟ ದಿನಕ್ಕೆ ಒಂದು ಹಿಡಿ, ಅದು ಎಲ್ಲಿಗೆ ಸಾಕು? ರಥಬೀದಿ ಹತ್ತಿರದ ಹೋಟೆಲಿನಿಂದ ಬಾಲ್ದಿಯಲ್ಲಿ ತರುತ್ತೇನೆ. ಬೆಳಿಗ್ಗೆ ಏಳರೊಳಗೆ ಹೋಗಬೇಕು. ತಡವಾದರೆ ಸಕ್ಕರೆ, ಹಾಲು ಸೇರಿರುತ್ತದೆ, ಇರುವೆ ಕಾಟ ಜಾಸ್ತಿ.

ಹಿಂಡಿ ಪೂರ್ತಿ ಬಿಟ್ಟಿಲ್ಲ, ಅರ್ಧಕ್ಕೆ ಇಳಿಸಿದ್ದೇನೆ. ತಿಂಗಳಿಗೆ 300 ಚಿಲ್ಲರೆ ಆಗುತ್ತಿದ್ದ ಖರ್ಚು ಈಗ 150ರ ಹತ್ತಿರ. ಗಿಡಕ್ಕೆ ತಿಂಗಳಿಗೆ ಎರಡು ಹಿಡಿ ಈ ಗೊಬ್ಬರ ಸಾಕು.

ಚರಟದ ಇನ್ನೊಂದು ಉಪಯೋಗ: ಬಂಗುಡೆ ಮೀನು ಕೊಯ್ದ ಕೈಗೆ ಹಸಿ ಚರಟ ತಿಕ್ಕಿ ನೋಡಿ, ವಾಸನೆ ಹೋಗುತ್ತದೆ. ಆದರೆ ಕೈಯನ್ನು ಸಿಂಕಿನಲ್ಲಿ ತೊಳೆಯಬೇಡಿ, ಹೊರಗಿನ ನಳ್ಳಿಯಲ್ಲಿ ತೊಳೆಯಿರಿ. ಎಣ್ಣೆ ಜಿಡ್ಡಿನ ಜೊತೆ ಚರಟ ಸೇರಿ ನಮ್ಮ ಪೈಪು ಕಟ್ಟಿಹೋಗಿತ್ತು, ಬಿಡಿಸಲು 400 ರೂಪಾಯಿ ಕೊಟ್ಟೆ.

ಈಗ ಎರಡು ಚಟ್ಟಿಯಲ್ಲಿ ಮಟ್ಟುಗುಳ್ಳ (ನಮ್ಮ ಉಡುಪಿ ಕಡೆಯ ಬದನೆ) ಇಟ್ಟಿದ್ದೇನೆ. ಒಂದಕ್ಕೆ ಚರಟದ ಗೊಬ್ಬರ, ಇನ್ನೊಂದಕ್ಕೆ ಬರೀ ಹಟ್ಟಿಗೊಬ್ಬರ. ಚರಟದ್ದರ ಎಲೆ ಈಗಲೇ ಅಗಲವಾಗಿದೆ. ಕಾಯಿ ಬಿಡಲಿ, ತೂಗಿ ನೋಡುತ್ತೇನೆ.