ಗಡ್ಡೆ ಮರಳಿದೆಯೋ, ಕಿರಣದ ಗಾಯವೋ: ಕಲಬುರಗಿಯಲ್ಲಿ ನಾವು ಮಾಡುವ ಜಿಎಚ್‌ಎ ಬ್ರೇನ್ ಸ್ಪೆಕ್ಟ್

ರೇಡಿಯೇಶನ್ ಮುಗಿದು ಕೆಲವು ತಿಂಗಳಾದ ಪೇಶೆಂಟ್‌ಗೆ ಮತ್ತೆ ತಲೆನೋವು, ಫಿಟ್ಸ್ ಶುರುವಾಗುತ್ತದೆ. ಎಂಆರ್‌ಐ ತೆಗೆದರೆ ಗಡ್ಡೆ ಇದ್ದ ಜಾಗವೇ ಕಾಂಟ್ರಾಸ್ಟ್ ಹೀರಿಕೊಂಡು ಬೆಳ್ಳಗೆ ಹೊಳೆಯುತ್ತದೆ. ಗ್ಲಯೋಮಾ (ಮಿದುಳಿನಲ್ಲೇ ಹುಟ್ಟುವ ಗಡ್ಡೆ) ಮರಳಿ ಬಂದಿರಬಹುದು, ಕಿರಣದಿಂದ ಸತ್ತ ಅಂಗಾಂಶವೂ ಆಗಿರಬಹುದು. ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ ಎರಡರಲ್ಲೂ ಒಡೆದಿರುವುದರಿಂದ ಮಾಮೂಲಿ ಎಂಆರ್‌ಐಗೆ ಇವೆರಡನ್ನು ಬೇರ್ಪಡಿಸುವುದು ಕಷ್ಟ. ಒಂದಕ್ಕೆ ಮತ್ತೆ ಆಪರೇಷನ್ ಅಥವಾ ಕೀಮೋ, ಇನ್ನೊಂದಕ್ಕೆ ಹೆಚ್ಚಾಗಿ ಸ್ಟೀರಾಯ್ಡ್. ಬ್ರೇನ್ ಸ್ಪೆಕ್ಟ್‌ಗೆ, ಅಂದರೆ ಮೈಗೆ ಕೊಟ್ಟ ವಿಕಿರಣ ಮದ್ದು ಮಿದುಳಿನಲ್ಲಿ ಎಲ್ಲೆಲ್ಲಿ ಸೇರಿದೆ ಎಂದು ಗಾಮಾ ಕ್ಯಾಮೆರಾ ತಲೆಯ ಸುತ್ತ ತಿರುಗಿ ತೆಗೆಯುವ ಚಿತ್ರಕ್ಕೆ, ಬರುವ ಚೀಟಿಗಳಲ್ಲಿ ಬಹುಪಾಲು ಇದೇ ಪ್ರಶ್ನೆ ಇರುತ್ತದೆ.

ಪೆಟ್ ಸ್ಕ್ಯಾನ್ ಯಾಕಲ್ಲ ಎಂದು ಬಹಳ ಜನ ಕೇಳುತ್ತಾರೆ. ಪೆಟ್‌ನಲ್ಲಿ ಸಾಮಾನ್ಯವಾಗಿ ಬಳಸುವುದು ಎಫ್‌ಡಿಜಿ, ಅಂದರೆ ಫ್ಲೋರಿನ್-18 ಅಂಟಿಸಿದ ಗ್ಲೂಕೋಸ್. ಆರೋಗ್ಯವಂತ ಮಿದುಳೂ ಗ್ಲೂಕೋಸನ್ನೇ ತಿನ್ನುವುದರಿಂದ ಬೂದು ಭಾಗವೆಲ್ಲ ಉರಿಯುತ್ತಿರುತ್ತದೆ, ಅದರ ಪಕ್ಕದ ಸಣ್ಣ ಗಡ್ಡೆ ಕಣ್ಣಿಗೆ ಬೀಳುವುದಿಲ್ಲ. ಫ್ಲೋರಿನ್-18ರ ಅರ್ಧಾಯು 110 ನಿಮಿಷ. ಹೈದರಾಬಾದ್‌ನಿಂದ ರಸ್ತೆಯಲ್ಲಿ ನಾಲ್ಕೂವರೆ ಗಂಟೆ ಹಿಡಿದರೆ ಹೊರಟದ್ದರಲ್ಲಿ ಶೇ. 18ರಷ್ಟು ಮಾತ್ರ ಉಳಿಯುತ್ತದೆ. ಮಿದುಳಿನ ಗಡ್ಡೆಗೆ ಹೆಚ್ಚು ಒಪ್ಪುವ ಮಿಥಿಯೊನಿನ್ ಎಂಬ ಅಮೈನೋ ಆಮ್ಲದ ಕಾರ್ಬನ್-11 ಅಂತೂ 20 ನಿಮಿಷಕ್ಕೇ ಅರ್ಧವಾಗುತ್ತದೆ, ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಇರುವ ಆವರಣದಿಂದ ಅದು ಆಚೆ ಬರುವ ಮಾತೇ ಇಲ್ಲ. ನಮ್ಮಲ್ಲಿರುವುದು ಎರಡು ತಲೆಯ ಗಾಮಾ ಕ್ಯಾಮೆರಾ ಮತ್ತು ವಿಕಿರಣ ಸೂಸುವ ಟೆಕ್ನೀಷಿಯಂ ಕೊಡುವ ಜನರೇಟರ್. ಇವಿಷ್ಟರಿಂದ ಒಳ್ಳೆಯ ಉತ್ತರ ಕೊಡಬಹುದು, ತಯಾರಿಯಲ್ಲಿ ಕೈ ಸಡಿಲಬಿಡಬಾರದು ಅಷ್ಟೇ. ಈ ಸ್ಕ್ಯಾನ್ ಕೆಟ್ಟಾಗಲೆಲ್ಲ ಕಾರಣ ಹೆಚ್ಚಾಗಿ ವಿಕಿರಣ ಮದ್ದು ತಯಾರಿಸುವ ಹಾಟ್ ಲ್ಯಾಬ್‌ನಲ್ಲೇ ಇರುತ್ತದೆ.

ನಾವು ಕೊಡುವುದು ಟೆಕ್ನೀಷಿಯಂ-99ಎಂ ಗ್ಲುಕೋಹೆಪ್ಟೊನೇಟ್, ಬಾಯಿಮಾತಿನಲ್ಲಿ ಜಿಎಚ್‌ಎ. ತಡೆಗೋಡೆ ಗಟ್ಟಿಯಾಗಿರುವ ಕಡೆ ಅದು ಒಳಗೆ ಹೋಗುವುದಿಲ್ಲ, ಹಾಗಾಗಿ ಚೆನ್ನಾಗಿರುವ ಮಿದುಳು ಕಪ್ಪಗೆ ಉಳಿಯುತ್ತದೆ. ಒಡೆದ ಕಡೆ ಸೋರಿ ಒಳಹೋದದ್ದನ್ನು ಜೀವಂತ ಗಡ್ಡೆ ಹಿಡಿದಿಟ್ಟುಕೊಳ್ಳುತ್ತದೆ, ಸತ್ತ ಅಂಗಾಂಶ ಅಷ್ಟಾಗಿ ಹಿಡಿಯುವುದಿಲ್ಲ. ಪರೀಕ್ಷೆ ನಿಂತಿರುವುದೇ ಇದರ ಮೇಲೆ.

ಜನರೇಟರ್‌ನ ಒಳಗಿರುವ ಮಾಲಿಬ್ಡಿನಂ-99ರ ಅರ್ಧಾಯು 66 ಗಂಟೆ, ಅದು ಕ್ಷಯಿಸಿಯೇ ಟೆಕ್ನೀಷಿಯಂ-99ಎಂ ಹುಟ್ಟುತ್ತದೆ. ಸೋಮವಾರ ಬೆಳಿಗ್ಗೆ ಇದ್ದ ಶಕ್ತಿ ಶುಕ್ರವಾರ ಬೆಳಿಗ್ಗೆಗೆ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚಷ್ಟೇ ಉಳಿದಿರುತ್ತದೆ, ಆದ್ದರಿಂದ ಬ್ರೇನ್ ಕೇಸುಗಳನ್ನು ವಾರದ ಮೊದಲರ್ಧಕ್ಕೇ ಇಟ್ಟುಕೊಳ್ಳುತ್ತೇವೆ. ಆದರೆ ರಜೆ ಕಳೆದ ಮೇಲಿನ ಮೊದಲ ಎಲ್ಯೂಷನ್ನನ್ನು (ಜನರೇಟರ್‌ನಿಂದ ಹಿಂಡಿ ತೆಗೆದ ಟೆಕ್ನೀಷಿಯಂ ದ್ರಾವಣ) ಜಿಎಚ್‌ಎಗೆ ಬಳಸುವುದಿಲ್ಲ. ಮೂರು ದಿನ ಹಿಂಡದೆ ಬಿಟ್ಟ ಜನರೇಟರ್‌ನಲ್ಲಿ ಟೆಕ್ನೀಷಿಯಂ-99ಎಂ ಕ್ಷಯಿಸಿ ಟೆಕ್ನೀಷಿಯಂ-99 ಆಗಿ ಕೂಡಿಕೊಂಡಿರುತ್ತದೆ. ಗುಣದಲ್ಲಿ ಎರಡೂ ಒಂದೇ, ಗ್ಲುಕೋಹೆಪ್ಟೊನೇಟ್ ಕಿಟ್‌ನಲ್ಲಿ ಟೆಕ್ನೀಷಿಯಂ ಅಂಟಿಸಲೆಂದೇ ಇರುವ ಸ್ಟ್ಯಾನಸ್ ತವರವನ್ನು ಈ ಹಳೆಯದೇ ತಿಂದು ಮುಗಿಸುತ್ತದೆ, ನಮಗೆ ಬೇಕಾದದ್ದು ಅಂಟದೆ ಉಳಿಯುತ್ತದೆ. ಮೊದಲನೆಯದನ್ನು ಹಿಂಡಿ ಪಕ್ಕಕ್ಕಿಟ್ಟು, ಮಧ್ಯಾಹ್ನ ಮತ್ತೊಮ್ಮೆ ಹಿಂಡಿದ್ದನ್ನು ಬಳಸಿದರೆ ಈ ತೊಂದರೆ ಇಲ್ಲ.

ಕಿಟ್ ವಯಲ್‌ನಲ್ಲಿ ನೈಟ್ರೋಜನ್ ತುಂಬಿರುತ್ತದೆ. ಒಳಗೆ ಗಾಳಿ ಹೋದರೆ ಸ್ಟ್ಯಾನಸ್ ಕೆಡುತ್ತದೆ. ಎಷ್ಟು ಎಂಎಲ್ ಪರ್‌ಟೆಕ್ನೆಟೇಟ್ (ಜನರೇಟರ್‌ನಿಂದ ಹಿಂಡಿದ ದ್ರಾವಣದಲ್ಲಿ ಟೆಕ್ನೀಷಿಯಂ ಇರುವ ರೂಪ) ಹಾಕಿದೆವೋ ಅಷ್ಟೇ ಅನಿಲವನ್ನು ಅದೇ ಸಿರಿಂಜ್‌ನಿಂದ ವಾಪಸ್ ಎಳೆದುಕೊಳ್ಳಬೇಕು. ಒತ್ತಡ ಇಳಿಸಲು ಇನ್ನೊಂದು ಸೂಜಿ ಚುಚ್ಚಿ ಬಿಡುವ ಅಭ್ಯಾಸ ಬೇಡ. ನಿಧಾನ ಅಲುಗಾಡಿಸಿ, ರೂಮ್ ಉಷ್ಣತೆಯಲ್ಲಿ 15 ನಿಮಿಷ ಬಿಡುತ್ತೇವೆ. ಆಮೇಲೆ ಕಾಗದದ ಪಟ್ಟಿಯ ಮೇಲೆ ಒಂದು ಹನಿ ಇಟ್ಟು ಅಸಿಟೋನ್‌ನಲ್ಲಿ ನಿಲ್ಲಿಸುತ್ತೇವೆ. ಅಂಟದ ಪರ್‌ಟೆಕ್ನೆಟೇಟ್ ಅಸಿಟೋನ್ ಜೊತೆ ಮೇಲೇರುತ್ತದೆ, ಜಿಎಚ್‌ಎ ಬುಡದಲ್ಲೇ ಕೂರುತ್ತದೆ. ಪಟ್ಟಿಯನ್ನು ಎರಡು ತುಂಡು ಮಾಡಿ ಎಣಿಸಿ, ಮೇಲಿನ ತುಂಡಿನಲ್ಲಿ ಶೇ. 5ಕ್ಕಿಂತ ಹೆಚ್ಚು ಬಂದರೆ ಆ ವಯಲ್ ಬಿಸಾಡುತ್ತೇವೆ. ಕೆಲವೇ ನಿಮಿಷದ ಕೆಲಸವಿದು, ರಶ್ ಇದ್ದ ದಿನ ಮೊದಲು ಬಿಟ್ಟುಹೋಗುವುದೂ ಇದೇ. ಬಿಡಬಾರದು. ಅಂಟದ ಪರ್‌ಟೆಕ್ನೆಟೇಟ್ ಮಿದುಳಿನ ಕುಹರಗಳೊಳಗಿನ, ಮಿದುಳಿನ ದ್ರವ ತಯಾರಿಸುವ ಕೋರಾಯ್ಡ್ ಪ್ಲೆಕ್ಸಸ್‌ಗೆ ಹೋಗಿ ಕೂರುತ್ತದೆ. ಕುಹರದ ಪಕ್ಕದಲ್ಲೇ ಹಳೆಯ ಗಡ್ಡೆ ಇದ್ದವರಲ್ಲಿ ಅದು ಥೇಟ್ ಮರಳಿದ ಗಡ್ಡೆಯಂತೆ ಕಾಣುತ್ತದೆ. ಅನುಮಾನ ಬಂದರೆ ಚಿತ್ರದ ಕೆಳಭಾಗ ನೋಡಿ. ದವಡೆಯ ಎರಡೂ ಬದಿ ಜೊಲ್ಲಿನ ಗ್ರಂಥಿಗಳು ಹೊಳೆಯುತ್ತಿದ್ದರೆ ತಪ್ಪು ಕಿಟ್‌ನದು.

ದೊಡ್ಡವರಿಗೆ 20 ಮಿಲಿಕ್ಯೂರಿ, ಕ್ಯಾನುಲಾ ಹಾಕಿಯೇ ಕೊಡುತ್ತೇವೆ. ಕೀಮೋ ತೆಗೆದುಕೊಂಡವರ ರಕ್ತನಾಳ ಒಡಕಲು, ಮದ್ದು ತೋಳಿನಲ್ಲೇ ಸೋರಿ ನಿಂತರೆ ತಲೆಯ ಚಿತ್ರ ಮಸುಕಾಗುತ್ತದೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಎಷ್ಟು, ಯಾವಾಗಿನಿಂದ ಎಂದು ಕೇಳಿ ಬರೆದುಕೊಳ್ಳುತ್ತೇವೆ. ಅದು ತಡೆಗೋಡೆಯ ಸೋರಿಕೆ ಕಡಿಮೆ ಮಾಡುವುದರಿಂದ ಚಿತ್ರವೂ ಕಳೆಗುಂದಬಹುದು. ಹಾಗೆಂದು ಸ್ಕ್ಯಾನ್‌ಗೋಸ್ಕರ ಅದನ್ನು ನಿಲ್ಲಿಸಿ ಎಂದು ನಾವು ಹೇಳುವಂತಿಲ್ಲ. ಜಿಎಚ್‌ಎ ಮೂತ್ರದಲ್ಲಿ ಹೋಗುತ್ತದೆ. ಸುರಪುರ, ಔರಾದ್ ಕಡೆಯಿಂದ ಏಪ್ರಿಲ್ ಬಿಸಿಲಲ್ಲಿ ಬಸ್ ಹಿಡಿದು ಬಂದವರ ಮೈಯಲ್ಲಿ ನೀರಿನಂಶವೇ ಇರುವುದಿಲ್ಲ, ರಕ್ತದಲ್ಲಿ ಮದ್ದು ಹಾಗೇ ನಿಂತು ಹಿನ್ನೆಲೆ ತಿಳಿಯಾಗುವುದು ತಡವಾಗುತ್ತದೆ. ಡಾಕ್ಟರ್ ನೀರು ಮಿತಿ ಮಾಡಿರದಿದ್ದರೆ ಚೆನ್ನಾಗಿ ನೀರು ಕುಡಿಸಿ, ಮೂತ್ರಕ್ಕೆ ಕಳಿಸಿ, ಸೋಪು ಹಚ್ಚಿ ಕೈ ತೊಳೆಸುತ್ತೇವೆ. ಮೂತ್ರದ ಒಂದು ಹನಿ ಬೆರಳಿಂದ ತಲೆಗೂದಲಿಗೆ ಅಂಟಿದರೂ ಚಿತ್ರದಲ್ಲಿ ಬಿಸಿ ಚುಕ್ಕೆ.

ಚಿತ್ರ ಎರಡು ಸಲ: ಇಂಜೆಕ್ಷನ್ ಆದ 20 ನಿಮಿಷಕ್ಕೆ ಒಂದು, ಮೂರು ಗಂಟೆಗೆ ಇನ್ನೊಂದು. ಕ್ಯಾಮೆರಾದ ಸೆಟ್ಟಿಂಗ್: 140 ಕಿಲೋ ಎಲೆಕ್ಟ್ರಾನ್ ವೋಲ್ಟ್, ಶೇ. 20ರ ವಿಂಡೋ, 128×128 ಮ್ಯಾಟ್ರಿಕ್ಸ್, 3 ಡಿಗ್ರಿಗೊಂದರಂತೆ 120 ನೋಟ, ಪ್ರತಿಯೊಂದಕ್ಕೆ 25 ಸೆಕೆಂಡ್. ಕ್ಯಾಮೆರಾದ ತಲೆ ಹತ್ತಿರ ಬಂದಷ್ಟೂ ಚಿತ್ರ ಚೂಪು, ಅಡ್ಡ ಬರುವುದು ಭುಜ. ಪೇಶೆಂಟ್‌ನನ್ನು ತಲೆಹಲಗೆಯ ತುದಿಯವರೆಗೆ ಮೇಲೆ ಜರುಗಿಸಿ, ಕೈ ಕೆಳಗಿಟ್ಟು, ಹಣೆಗೆ ಪಟ್ಟಿ ಕಟ್ಟುತ್ತೇವೆ. “ಕಾಕಾ, ತಲಿ ಅಳ್ಳಾಡಿಸಬ್ಯಾಡ್ರಿ, ಉಸಿರು ಆರಾಮ ತಗೋರಿ, ನೋವು ಏನೂ ಆಗಂಗಿಲ್ಲ” ಎಂದು ಮೊದಲೇ ಹೇಳಿ, ಪಕ್ಕದಲ್ಲೊಬ್ಬರು ನಿಂತರೆ ಹೆಚ್ಚಿನವರು ಅಲುಗಾಡುವುದಿಲ್ಲ. ಮುಗಿದ ಕೂಡಲೇ ಇಳಿಸಬೇಡಿ. ಎಲ್ಲ ನೋಟಗಳನ್ನೂ ಸಿನಿಮಾದಂತೆ ಓಡಿಸಿ, ತಲೆ ಜಿಗಿದಿದ್ದರೆ ಆಗಲೇ ಮತ್ತೆ ತೆಗೆಯಿರಿ.

ನಮ್ಮ ಊರಿನ ಬೇಸಿಗೆಗೆಂದೇ ಇನ್ನೊಂದು ಮಾತು. ಕ್ಯಾಮೆರಾದ ಸೋಡಿಯಂ ಅಯೋಡೈಡ್ ಹರಳಿಗೆ ಉಷ್ಣತೆಯ ದಿಢೀರ್ ಏರಿಳಿತ ಆಗದು, ಗಂಟೆಗೆ ಮೂರ್ನಾಲ್ಕು ಡಿಗ್ರಿ ಮೀರಿದರೆ ಸೀಳುಬಿಡುವ ಅಪಾಯವಿದೆ. ಹೊರಗೆ 42 ಡಿಗ್ರಿ ಇದ್ದಾಗ ಕರೆಂಟ್ ಹೋಗಿ ಎಸಿ ನಿಂತರೆ ರೂಮ್ ಕಾಯಲು ಬಹಳ ಹೊತ್ತು ಬೇಡ. ಯುಪಿಎಸ್‌ಗೆ ಕ್ಯಾಮೆರಾ ಮಾತ್ರ ಜೋಡಿಸಿ ಎಸಿಯನ್ನು ಬಿಡುವುದು ದೊಡ್ಡ ತಪ್ಪು. ಎಸಿಯೂ ಡೀಸೆಲ್ ಜನರೇಟರ್ ಲೈನಿನಲ್ಲಿರಬೇಕು, ರಾತ್ರಿ, ಭಾನುವಾರವೂ ಆರಿಸಬಾರದು. ಕರೆಂಟ್ ಹೋಗಿ ಬಂದ ದಿನ ಯೂನಿಫಾರ್ಮಿಟಿ ಫ್ಲಡ್ (ಕ್ಯಾಮೆರಾ ಎಲ್ಲ ಕಡೆ ಒಂದೇ ಸಮ ಎಣಿಸುತ್ತದೆಯೇ ಎಂಬ ಪರೀಕ್ಷೆ) ಮತ್ತೆ ನೋಡದೆ ಪೇಶೆಂಟ್‌ನನ್ನು ಮಲಗಿಸುವುದಿಲ್ಲ. ಹರಳಿನ ಬೆಳಕು ಹಿಡಿಯುವ ಟ್ಯೂಬ್ ಒಂದರ ಹೊಂದಿಕೆ ಜರುಗಿದ್ದರೂ ಸ್ಪೆಕ್ಟ್‌ನಲ್ಲಿ ಉಂಗುರದ ಗುರುತು ಮೂಡುತ್ತದೆ.

ಓದುವಾಗ ಎಂಆರ್‌ಐ ಪಕ್ಕದಲ್ಲಿರಲೇಬೇಕು. ತಲೆಬುರುಡೆ, ದೊಡ್ಡ ಸಿರೆಗಳು ಯಾವಾಗಲೂ ಹೊಳೆಯುತ್ತವೆ, ಹೊಸ ಆಪರೇಷನ್ನಿನ ಎಲುಬಿನ ಅಂಚೂ ಹೊಳೆಯುತ್ತದೆ. ಗಡ್ಡೆಯ ಜಾಗಕ್ಕೊಂದು ವೃತ್ತ ಹಾಕಿ, ಎದುರು ಬದಿಯ ಅದೇ ಜಾಗಕ್ಕೂ ಹಾಕಿ, ಅನುಪಾತ ತೆಗೆಯುತ್ತೇವೆ. ಮೂರು ಗಂಟೆಗೆ ಅದು ಏರಿದ್ದರೆ ಗಡ್ಡೆಯ ಕಡೆ ವಾಲುತ್ತೇವೆ. ಇಷ್ಟು ದಾಟಿದರೆ ಗಡ್ಡೆ ಎಂಬ ಅಂಕಿಯನ್ನು ಬೇರೆಯವರ ಲೇಖನದಿಂದ ಎತ್ತಿಕೊಳ್ಳುವುದು ಸರಿಯಲ್ಲ, ಕ್ಯಾಮೆರಾ ಮತ್ತು ಫಿಲ್ಟರ್ ಬದಲಾದರೆ ಅದೂ ಬದಲಾಗುತ್ತದೆ. ಒಂದು ಸೆಂಟಿಮೀಟರ್‌ಗಿಂತ ಚಿಕ್ಕದಾದರೆ “ಇಲ್ಲ” ಎಂದು ಬರೆಯುವುದಿಲ್ಲ, “ಈ ಪರೀಕ್ಷೆಯಲ್ಲಿ ಕಾಣಲಿಲ್ಲ” ಎಂದು ಬರೆಯುತ್ತೇವೆ. ಅಂಥವರನ್ನು ಎಫ್‌ಇಟಿ ಅಥವಾ ಎಫ್‌ಡೋಪಾ ಪೆಟ್ ಇರುವ ಕಡೆ ಕಳಿಸುವುದೇ ಸರಿ. ಅವು ಅಮೈನೋ ಆಮ್ಲಗಳು, ತಡೆಗೋಡೆ ಒಡೆಯದಿದ್ದರೂ ಗಡ್ಡೆಗೆ ಸೇರುತ್ತವೆ. ರಿಪೋರ್ಟ್ ಜೊತೆ ಸಿಡಿಯಲ್ಲಿ ಕಚ್ಚಾ ಡೇಟಾ, ಡೋಸ್, ಇಂಜೆಕ್ಷನ್ ಮತ್ತು ಚಿತ್ರದ ಸಮಯ, ಸ್ಟೀರಾಯ್ಡ್ ಪ್ರಮಾಣ ಕೊಟ್ಟು ಕಳಿಸುತ್ತೇವೆ. ಮುಂದಿನ ಸ್ಕ್ಯಾನ್ ಎಲ್ಲೇ ಆದರೂ ಇವಿಲ್ಲದೆ ಹೋಲಿಸಲು ಬರುವುದಿಲ್ಲ.