ಕಾರ್ಪೆಟ್ ಮೇಲೆ ಕೊದಿಲು ಚೆಲ್ಲಿದರೆ: ಇಂಗ್ಲೆಂಡಿಗೆ ಹೊರಟ ನಮ್ಮೂರ ಮಕ್ಕಳಿಗೆ

ಅರಶಿನದ ಕಲೆಯ ಮೇಲೆ ಅಡುಗೆ ಸೋಡಾ ಹಾಕಬೇಡಿ. ಉಳಿದದ್ದೆಲ್ಲ ಮರೆತರೂ ಇದೊಂದು ನೆನಪಿರಲಿ.

ಈ ಸಲ ಊರಿಗೆ ಬಂದಾಗ ನಮ್ಮ ಕಾಸರಗೋಡಿನ ಬದಿಯಡ್ಕದ ಸುತ್ತಮುತ್ತಲೇ ನಾಲ್ಕು ಮನೆಗಳಿಂದ ಮಕ್ಕಳು ಇಂಗ್ಲೆಂಡಿಗೆ ಹೊರಟಿದ್ದಾರೆ ಅಂತ ಗೊತ್ತಾಯಿತು. ಒಬ್ಬಳು ನರ್ಸ್. ಇಬ್ಬರು ಓದಲಿಕ್ಕೆ. ಇನ್ನೊಬ್ಬ ಹೆಂಡತಿ, ಮಗುವನ್ನೂ ಕರೆದುಕೊಂಡು ಕೆಲಸಕ್ಕೆ. ಒಂದು ಸಂಜೆ ಎಲ್ಲರೂ ನಮ್ಮ ಚಾವಡಿಯಲ್ಲಿ ಸೇರಿದ್ದರು. ಕಾವಿ ನೆಲದ ಮೇಲೆ ಕಾಲು ಚಾಚಿ ಕೂತು ಚಳಿ ಎಷ್ಟು, ಬಾಡಿಗೆ ಎಷ್ಟು, ಕುಚ್ಚಲಕ್ಕಿ ಸಿಗುತ್ತದಾ ಅಂತ ಕೇಳಿದರು. ಮಾತಿನ ಮಧ್ಯೆ ಒಬ್ಬನ ಕೈಯಿಂದ ಚಹಾ ಚೆಲ್ಲಿತು. ನನ್ನ ಎದೆ ಧಸಕ್ಕೆಂದಿತು. ಅವನ ಅಮ್ಮ ಮಾತು ನಿಲ್ಲಿಸದೆ ಬಾಗಿಲ ಸಂದಿಯಲ್ಲಿದ್ದ ವಸ್ತ್ರ ಎಳೆದು ಕಾಲಲ್ಲೇ ಒರೆಸಿದರು. ಮುಗಿಯಿತು. ಇಪ್ಪತ್ತು ವರ್ಷ ಕಾರ್ಪೆಟ್ ಮೇಲೆ ಬದುಕಿದ ನಾನು ಮಾತ್ರ ಇನ್ನೂ ನೆಲವನ್ನೇ ನೋಡುತ್ತಿದ್ದೆ. ಆ ರಾತ್ರಿಯೇ ಇದನ್ನು ಬರೆಯಲು ಕೂತೆ.

ನಾವು ಲೆಸ್ಟರ್‌ಗೆ ಹೋದದ್ದು 2004ರಲ್ಲಿ. ಬಾಡಿಗೆ ಮನೆ. ಗೋಡೆಯಿಂದ ಗೋಡೆಗೆ ಕೆನೆಬಣ್ಣದ ಕಾರ್ಪೆಟ್. ಮೆಟ್ಟಿಲಿಗೂ ಅದೇ. ಹೋಗಿ ಮೂರನೇ ವಾರ ಸೌತೆಕಾಯಿ ಕೊದಿಲಿನ, ಅಂದರೆ ನಮ್ಮ ಕಡೆಯ ಸಾಂಬಾರಿನ, ಪಾತ್ರೆ ಕೈಜಾರಿತು. ಅಡುಗೆ ಸೋಡಾದಲ್ಲಿ ಎಲ್ಲ ಕಲೆಯೂ ಹೋಗುತ್ತದೆ ಅಂತ ಯಾರೋ ಹೇಳಿದ್ದು ನೆನಪಿತ್ತು. ಡಬ್ಬಿಯಲ್ಲಿದ್ದಷ್ಟೂ ಸುರಿದು ನೀರು ಚಿಮುಕಿಸಿದೆ. ಹಳದಿ ಇದ್ದದ್ದು ಕಣ್ಣೆದುರೇ ಕೆಂಪಾಯಿತು. ರಕ್ತ ಚೆಲ್ಲಿದ ಹಾಗೆ ಕಾಣುತ್ತಿತ್ತು.

ನನಗೆ ಗೊತ್ತಿರಬೇಕಿತ್ತು. ನಮ್ಮ ಮನೆಗಳಲ್ಲಿ ಆರತಿಗೆ ಕುರ್ದಿ ನೀರು ಹೇಗೆ ಮಾಡುತ್ತೇವೆ? ಅರಶಿನ ಕದಡಿದ ನೀರಿಗೆ ಚಿಟಿಕೆ ಸುಣ್ಣ, ಅಷ್ಟೇ ಅಲ್ವಾ. ಊಟದ ಕಲೆಯಾದ ಅಂಗಿಗೆ ಬಾರ್ ಸೋಪು ತಿಕ್ಕಿದಾಗ ಕೆಂಪಾಗುವುದನ್ನೂ ಎಷ್ಟು ಸಲ ನೋಡಿಲ್ಲ! ಸುಣ್ಣ, ಸೋಪು, ಸೋಡಾ ಮೂರೂ ಕ್ಷಾರ. ಅರಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣಕ್ಕೆ ಕ್ಷಾರ ತಾಗಿದರೆ ಕೆಂಪು. ಹುಳಿ ತಾಗಿದರೆ ಮತ್ತೆ ಹಳದಿ. ಕುರ್ದಿ ನೀರಿಗೆ ನಿಂಬೆಹುಳಿ ಹಿಂಡಿ ನೋಡಿ, ಗೊತ್ತಾಗುತ್ತದೆ. ಹಾಗಾಗಿ ನಿಮ್ಮ ಕೈಯಿಂದಲೂ ಈ ತಪ್ಪು ಆಗಿಹೋದರೆ ಗಾಬರಿ ಬೇಡ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ವಸ್ತ್ರ ಅದ್ದಿ ಒತ್ತಿದರೆ ಕೆಂಪು ಇಳಿಯುತ್ತದೆ. ಹಳದಿ ಉಳಿಯುತ್ತದೆ, ಅದರ ಕೆಲಸ ಬೇರೆ.

ಆ ಕೆಲಸ ಹೀಗೆ. ಮೊದಲು ಗಟ್ಟಿ ಇರುವುದನ್ನು ಚಮಚದಲ್ಲಿ ಎತ್ತಿ. ಅಂಚಿನಿಂದ ನಡುವಿಗೆ ಬನ್ನಿ, ನಡುವಿನಿಂದ ಹೊರಗೆ ಹೋದರೆ ಕಲೆ ದೊಡ್ಡದಾಗುತ್ತದೆ. ಆಮೇಲೆ ಬಿಳಿ ವಸ್ತ್ರ ಮಡಚಿ ಇಟ್ಟು ಅಂಗೈಯಿಂದ ಒತ್ತಿ. ಒರೆಸಬೇಡಿ, ಉಜ್ಜಬೇಡಿ. ಒತ್ತಿ, ಎತ್ತಿ, ವಸ್ತ್ರದ ಒಣಗಿದ ಬದಿ ತಿರುಗಿಸಿ, ಮತ್ತೆ ಒತ್ತಿ. ಒಂದು ಲೋಟ ತಣ್ಣೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಸಾಕು, ಒಗ್ಗರಣೆಯ ಜಿಡ್ಡು ಬಿಡುತ್ತದೆ. ಲಿಕ್ವಿಡ್ ಜಾಸ್ತಿ ಆದರೆ ಅಂಟು ಉಳಿದು, ಅಲ್ಲೇ ಧೂಳು ಹಿಡಿದು ತಿಂಗಳಲ್ಲಿ ಕಪ್ಪಾಗುತ್ತದೆ. ಬರೀ ನೀರಿನಲ್ಲಿ ಅದ್ದಿದ ವಸ್ತ್ರದಿಂದ ಇನ್ನೆರಡು ಸಲ ಒತ್ತಿ ಸೋಪು ತೆಗೆಯಿರಿ.

ಇಷ್ಟಾದರೂ ಹಳದಿ ಇರುತ್ತದೆ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಔಷಧಿ ಅಂಗಡಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಅಂತ ಕೇಳಿ. ಅಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ ಬೇಡ, ಅದರಲ್ಲಿ ಹರಳೆಣ್ಣೆ ಬೆರೆಸಿರುತ್ತಾರೆ, ಕಾರ್ಪೆಟ್ ಮೇಲೆ ಜಿಡ್ಡು ಉಳಿಯುತ್ತದೆ. ಕಿಟಕಿ ತೆರೆಯಿರಿ, ದೇವರ ದೀಪ ಆರಿಸಿ, ವಸ್ತ್ರಕ್ಕೆ ತಾಗಿಸಿ ಒತ್ತಿ. ನೇರ ಸುರಿಯಬೇಡಿ, ಕಾರ್ಪೆಟ್‌ನ ಅಡಿಯ ಅಂಟು ಬಿಟ್ಟುಹೋಗಬಹುದು. ಮೊದಲು ಕಪಾಟಿನ ಹಿಂದೆ, ಯಾರಿಗೂ ಕಾಣದ ಮೂಲೆಯಲ್ಲಿ ಒಮ್ಮೆ ಹಚ್ಚಿ ನೋಡಿ. ಉಳಿದ ತೆಳು ಹಳದಿಯನ್ನು ಬಿಸಿಲು ತಿನ್ನುತ್ತದೆ. ಅಮ್ಮಂದಿರು ಅರಶಿನದ ಬಟ್ಟೆಯನ್ನು ಅಂಗಳದಲ್ಲಿ ಹರವುವುದು ಅದಕ್ಕೇ. ಲೆಸ್ಟರ್‌ನ ಬಿಸಿಲು ನಮ್ಮ ಕುಂಬಳೆಯ ಬಿಸಿಲಲ್ಲ. ಆದರೂ ಬೇಸಿಗೆಯಲ್ಲಿ ಪರದೆ ಸರಿಸಿ ಇಟ್ಟು ನೋಡಿ, ಒಂದೆರಡು ವಾರದಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಇನ್ನು ನನ್ನ ಎರಡನೇ ತಪ್ಪು. ಇದು ಮೊದಲನೆಯದಕ್ಕಿಂತ ದೊಡ್ಡದು. ನಮಗೆ ನೆಲ ಅಂದರೆ ನೀರು ಸುರಿದು, ಹಿಡಿಸೂಡಿಯಲ್ಲಿ ತಳ್ಳಿ, ಅಂಗಳಕ್ಕೆ ಬಿಡುವುದು. ಕಾರ್ಪೆಟ್‌ಗೂ ಅದನ್ನೇ ಮಾಡಿದೆ. ಅರ್ಧ ಬಕೆಟ್ ಬಿಸಿನೀರು ಹಾಕಿ ಬ್ರಷ್‌ನಲ್ಲಿ ತಿಕ್ಕಿದೆ. ಕಾರ್ಪೆಟ್ ಕೆಳಗೆ ಅಂಡರ್‌ಲೇ ಅಂತ ದಪ್ಪ ಸ್ಪಂಜಿನ ಹಾಸು ಇರುತ್ತದೆ. ಅದರ ಕೆಳಗೆ ಮರದ ಹಲಗೆ. ನೀರು ಎಲ್ಲಿಗೆ ಹೋಗಬೇಕು? ಅಲ್ಲೇ ನಿಂತಿತು. ಸಂಜೆ ಕಲೆ ಹೋದ ಹಾಗೆ ಕಂಡಿತು. ಮೂರನೇ ದಿನ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಮತ್ತೆ ಎದ್ದಿತು. ಹತ್ತು ದಿನದಲ್ಲಿ ಮಳೆಗಾಲದ ಚಂಡಿ ಬಟ್ಟೆಯ ವಾಸನೆ ಕೋಣೆ ತುಂಬ.

ಕಲೆ ವಾಪಸ್ ಬರುವುದು ಯಾಕೆ ಅಂದರೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುತ್ತದಲ್ಲ, ಹಾಗೆ. ಕೆಳಗೆ ಇಳಿದ ಬಣ್ಣ ಒಣಗುವಾಗ ನೂಲು ಹಿಡಿದು ಮೇಲೆ ಬರುತ್ತದೆ. ಆದ್ದರಿಂದ ನೀರು ಆದಷ್ಟು ಕಡಿಮೆ ಬಳಸಿ. ಕೊನೆಗೆ ಒಣ ಬಿಳಿ ಟವೆಲ್ ನಾಲ್ಕು ಮಡಿಕೆ ಮಾಡಿ ಇಟ್ಟು, ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನೀರು ತುಂಬಿದ ಇಡ್ಲಿ ಪಾತ್ರೆ ಇಟ್ಟು ಮಲಗಿ. ಏರುವ ಬಣ್ಣವನ್ನು ಟವೆಲ್ ಕುಡಿಯುತ್ತದೆ. ಬೆಳಿಗ್ಗೆ ಟವೆಲ್‌ನ ಅಡಿ ನೋಡಿದರೆ ನಂಬಿಕೆ ಬರುತ್ತದೆ. ಸ್ನಾನದ ಕೋಣೆಯಲ್ಲೂ ಇದೇ ಎಚ್ಚರ ಬೇಕು. ಅಲ್ಲಿನ ನೆಲದಲ್ಲಿ ನೀರು ಹೋಗುವ ತೂತು ಇರುವುದಿಲ್ಲ. ತಂಬಿಗೆಯಲ್ಲಿ ಹೊಯ್ದುಕೊಂಡರೆ ಕೆಳಗಿನ ಮನೆಯ ಮಾಡಿನಿಂದ ಇಳಿಯುತ್ತದೆ.

ಬ್ರಷ್ ಹಾಕಿದ ಜಾಗದಲ್ಲಿ ನೂಲು ಬಿಚ್ಚಿ ಹತ್ತಿಯ ಹಾಗೆ ನಿಂತಿತು. ಅದು ಕೊನೆಯವರೆಗೂ ಸರಿಯಾಗಲಿಲ್ಲ.

ನಿಮ್ಮ ಕಾರ್ಪೆಟ್ ಉಣ್ಣೆಯದಾ, ಪ್ಲಾಸ್ಟಿಕ್ ನೂಲಿನದಾ ಅಂತ ಮೊದಲೇ ತಿಳಿದುಕೊಳ್ಳಿ. ಮೂಲೆಯಿಂದ ಒಂದೇ ಒಂದು ಎಳೆ ಕಿತ್ತು, ಸಿಂಕ್ ಮೇಲೆ ಹಿಡಿದು ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಕರಗಿ ಉಂಡೆಯಾದರೆ ಸಿಂಥೆಟಿಕ್. ಉಣ್ಣೆಯೂ ಕೂದಲಿನ ಹಾಗೆ ಪ್ರೋಟೀನ್. ಕ್ಲೋರಿನ್ ಬ್ಲೀಚ್ ಅದನ್ನು ತಿಂದೇ ಹಾಕುತ್ತದೆ. ಬಟ್ಟೆ ಒಗೆಯುವ ಪುಡಿಯ ಡಬ್ಬಿಯಲ್ಲಿ ಬಯೋ ಅಂತ ಬರೆದಿದ್ದರೆ ಅದರಲ್ಲಿ ಎಂಜೈಮ್ ಇದೆ, ಅದೂ ಉಣ್ಣೆಗೆ ಆಗದು. ಮತ್ತೊಂದು, ಕಾರ್ಪೆಟ್ ಯಾವುದೇ ಇರಲಿ, ಬ್ಲೀಚ್ ಮತ್ತು ವಿನೆಗರ್ ಯಾವತ್ತೂ ಸೇರಿಸಬೇಡಿ. ವಿಷದ ಗಾಳಿ ಬರುತ್ತದೆ. ಮಕ್ಕಳಿರುವ ಮನೆ.

ಉಳಿದ ಕಲೆಗಳು ಇಷ್ಟು ಕಷ್ಟ ಕೊಡುವುದಿಲ್ಲ. ಹಾಲು, ಮೊಟ್ಟೆ, ರಕ್ತ ಇವಕ್ಕೆ ತಣ್ಣೀರೇ ಆಗಬೇಕು. ಬಿಸಿನೀರು ತಾಗಿದರೆ ಬೆಂದ ಹಾಗೆ ಹಿಡಿದುಕೊಳ್ಳುತ್ತದೆ. ಚಹಾ, ಕಾಫಿ ತಕ್ಷಣ ಒತ್ತಿದರೆ ಮುಕ್ಕಾಲು ಹೋಗುತ್ತದೆ, ಉಳಿದದ್ದಕ್ಕೆ ನೀರು ಬೆರೆಸಿದ ವಿನೆಗರ್. ಕುಂಕುಮ ಬಿದ್ದರೆ ನೀರು ತಾಗಿಸಲೇಬೇಡಿ. ಬೆರಳಲ್ಲಿ ಎತ್ತಲೂ ಹೋಗಬೇಡಿ. ವ್ಯಾಕ್ಯೂಮ್‌ನ ಬರಿಯ ಕೊಳವೆಯನ್ನು ಮೇಲೆ ಹಿಡಿದು ಎಳೆಸಿ. ತೆಂಗಿನೆಣ್ಣೆಗೆ ಅಲ್ಲಿಯ ಚಳಿಯೇ ಸಹಾಯ ಮಾಡುತ್ತದೆ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಹೆಪ್ಪುಗಟ್ಟಲು ಬಿಟ್ಟು ಚಮಚದಲ್ಲಿ ಕೆರೆದು, ಮೇಲೆ ಕಾರ್ನ್‌ಫ್ಲೋರ್ ಉದುರಿಸಿ ರಾತ್ರಿ ಬಿಡಿ, ಬೆಳಿಗ್ಗೆ ವ್ಯಾಕ್ಯೂಮ್ ಮಾಡಿ. ಎಲೆಯಡಕೆಯ ಕೆಂಪು ಮಾತ್ರ ನನ್ನ ಕೈಯಲ್ಲಿ ಪೂರ್ತಿ ಹೋದದ್ದಿಲ್ಲ. ಊರಿಂದ ಬರುವ ಹಿರಿಯರಿಗೆ ಜಗಿಯಲು ಹಿತ್ತಲಲ್ಲಿ ಒಂದು ಕುರ್ಚಿ ಹಾಕಿಕೊಡಿ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳುತ್ತೇನೆ. ಕೀಲಿ ಸಿಕ್ಕ ದಿನವೇ ಕಾರ್ಪೆಟ್‌ನ ಪ್ರತಿ ಮೂಲೆಯ ಫೋಟೋ ತೆಗೆದು ಏಜೆಂಟರಿಗೆ ಇಮೇಲ್ ಮಾಡಿ. ಠೇವಣಿಯನ್ನು ಸರ್ಕಾರ ಒಪ್ಪಿದ ಯೋಜನೆಯಲ್ಲಿ ಇಡಲೇಬೇಕು, 2007ರಿಂದ ಇದು ಕಾನೂನು, ಈಗ ಅದಕ್ಕೆ 30 ದಿನದ ಗಡುವು. ನಡೆದು ಸವೆದದ್ದಕ್ಕೆ ಹಣ ಕೇಳುವ ಹಾಗಿಲ್ಲ, ಹಳೆ ಕಾರ್ಪೆಟ್‌ಗೆ ಹೊಸದರ ಪೂರ್ತಿ ಬೆಲೆಯನ್ನೂ ಕೇಳುವ ಹಾಗಿಲ್ಲ. ನಮ್ಮ ಕಾಲಕ್ಕೆ ಈ ಠೇವಣಿ ಯೋಜನೆ ಇರಲಿಲ್ಲ. 2005ರಲ್ಲಿ ಆ ಮನೆ ಬಿಡುವಾಗ ಠೇವಣಿಯ ಒಂದು ಪೌಂಡೂ ವಾಪಸ್ ಬರಲಿಲ್ಲ.

ಹಣ ಹೋದದ್ದು ಮರೆತುಹೋಗಿದೆ. ಆದರೆ ಆ ಹೆದರಿಕೆ ನನ್ನೊಳಗೇ ಉಳಿಯಿತು. ಸ್ವಂತ ಮನೆ ಆದ ಮೇಲೂ ಹೋಗಲಿಲ್ಲ. ಅದು ಏನು ಮಾಡಿಸಿತು ಅಂತ ಹೇಳಬೇಕು. ಯಾಕೆಂದರೆ ನೀವೂ ಅಮ್ಮನನ್ನು ಕರೆಸಿಕೊಳ್ಳುತ್ತೀರಿ.

2011ರ ಜೂನ್‌ನಲ್ಲಿ ಅಮ್ಮ ಮೂರು ತಿಂಗಳಿಗೆ ಬಂದಳು. ಮಗಳಿಗೆ ಆಗ ನಾಲ್ಕು ವರ್ಷ. ಅಮ್ಮನಿಗೆ ಮೇಜಿನ ಮುಂದೆ ಕೂತರೆ ಊಟ ಸೇರುತ್ತಿರಲಿಲ್ಲ. ಸೋಫಾಕ್ಕೆ ಬೆನ್ನು ಕೊಟ್ಟು ಕೆಳಗೆ ಕೂತು, ಮಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಅನ್ನಕ್ಕೆ ಸಾರು ಕಲಸಿ ತುತ್ತು ಕೊಡುತ್ತಿದ್ದಳು. ಮಗು ನಗುತ್ತ ಕಾಲು ಝಾಡಿಸಿತು. ಸಾರಿನ ಬಟ್ಟಲು ಮಗುಚಿತು. ನಾನು ಅಡುಗೆಮನೆಯಿಂದಲೇ ಕಿರುಚಿದೆ. "ಎಷ್ಟು ಸಲ ಹೇಳಬೇಕು ಅಮ್ಮಾ, ಕೆಳಗೆ ಕೂರಬೇಡ ಅಂತ!" ಓಡಿ ಬಂದು ಕಾರ್ಪೆಟ್ ಹತ್ತಿರ ಮಂಡಿಯೂರಿ ಒತ್ತತೊಡಗಿದೆ. ಅಮ್ಮ ಕಲಸಿದ ತುತ್ತನ್ನು ಕೈಯಲ್ಲೇ ಹಿಡಿದು ಸುಮ್ನೆ ಕೂತಿದ್ದಳು. ಸಾರು ಬಿಸಿ ಇತ್ತು. ಅವಳ ಮಣಿಕಟ್ಟು ಬಳೆಯ ಕೆಳಗೆ ಕೆಂಪಾಗಿ ಊದಿದ್ದನ್ನು ನಾನು ನೋಡಿದ್ದು ರಾತ್ರಿ ಹಾಲು ಕೊಡುವಾಗ.

ಮರುದಿನದಿಂದ ಅಮ್ಮ ಅಡುಗೆಮನೆಯ ವಿನೈಲ್ ನೆಲದ ಮೇಲೆ ನಿಂತು ಉಂಡಳು. ಬಾ ಅಂದರೆ, "ನನಗೆ ಇಲ್ಲೇ ಆಗ್ತದೆ ಮಾರಾಯ್ತಿ" ಅನ್ನುತ್ತಿದ್ದಳು. ಮಗಳೂ ಪುಟ್ಟ ತಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಕೆಲವು ತಿಂಗಳ ನಂತರ ಸ್ನೇಹಿತರ ಮನೆಯಲ್ಲಿ ಮಗಳಿಗೆ ಚಿತ್ರಾನ್ನ ಬಡಿಸಿದರು. "ಹಳದಿ ಅನ್ನ ಬೇಡ, ಆಂಟಿಯ ಕಾರ್ಪೆಟ್ ಹಾಳಾಗ್ತದೆ" ಅಂದಳು. ಆ ಹೆದರಿಕೆ ಅವಳಿಗೆ ಬಂದದ್ದು ನನ್ನಿಂದ. ಅಮ್ಮ ಮತ್ತೆ ಬರಲಿಲ್ಲ, 2015ರಲ್ಲಿ ತೀರಿಕೊಂಡಳು.

ಈಗ ನಮ್ಮಲ್ಲಿ ಶನಿವಾರ ಕನ್ನಡ ಕಲಿಯಲು ಮಕ್ಕಳು ಬರುತ್ತಾರೆ. ಮೇಜಿಗೆ ಹಾಸುವ ದಪ್ಪ ಪ್ಲಾಸ್ಟಿಕ್ ಹೊದಿಕೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅದನ್ನು ನೆಲಕ್ಕೆ ಹಾಸಿ, ಮೇಲೆ ಹಳೆ ಬೆಡ್‌ಶೀಟ್ ಹಾಕಿ, ಎಲ್ಲರನ್ನೂ ಪಂಕ್ತಿಯಲ್ಲಿ ಕೂರಿಸಿ ಬಡಿಸುತ್ತೇನೆ. ಬೆಡ್‌ಶೀಟ್ ಜಾರದ ಹಾಗೆ ಹಿಡಿಯುತ್ತದೆ, ಚೆಲ್ಲಿದ್ದನ್ನು ಹೀರುತ್ತದೆ. ಆದರೂ ಚೆಲ್ಲುತ್ತಾರೆ. ಚೆಲ್ಲಿದರೆ ಮೊದಲು ಮಗುವಿನ ಕೈ ನೋಡಿ, ಆಮೇಲೆ ಕಾರ್ಪೆಟ್. ಕಲೆಗೆ ಹತ್ತು ನಿಮಿಷ ಹೆಚ್ಚು ಕೊಟ್ಟರೂ ಏನೂ ಆಗುವುದಿಲ್ಲ.

ನವೆಂಬರ್ 1 ಬಂದರೆ ಅಲ್ಲಿನ ಕನ್ನಡ ಕೂಟದಲ್ಲಿ ರಾಜ್ಯೋತ್ಸವ. ನಮಗೂ ಸಂತೋಷವೇ. ಆದರೆ 1956ರ ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಕೂಟದಲ್ಲಿ ಕೇರಳ ಅಂದರೆ "ಓ, ಮಲಯಾಳಿಗಳಾ?" ಅನ್ನುತ್ತಾರೆ. ಮಲಯಾಳಿಗಳು ಊರ ಹೆಸರು ಕೇಳಿ ಮಲಯಾಳದಲ್ಲೇ ಮಾತು ಶುರು ಮಾಡುತ್ತಾರೆ. ನಿಮಗೂ ಹೀಗಾಗುತ್ತದೆ. ಬೇಸರ ಮಾಡಿಕೊಳ್ಳಬೇಡಿ, ನಿಧಾನವಾಗಿ ವಿವರಿಸಿ. ನಮ್ಮ ಪೆರಡಾಲದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿದರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಅವರು ಕೇಳುತ್ತಲೇ ಇದ್ದ ವಿಲೀನ ಅವರ ಕಣ್ಣೆದುರು ಆಗಲಿಲ್ಲ. ಮಗಳು ಒಮ್ಮೆ ಕೇಳಿದಳು, "ಹಾಗಾದರೆ ನಾವು ಎಲ್ಲಿಯವರು?" ನಾನು ರಾಜ್ಯದ ಹೆಸರು ಹೇಳಲಿಲ್ಲ. ಅಜ್ಜಿಯ ಕೊದಿಲಿಗೆ ತೆಂಗಿನಕಾಯಿ ಹುರಿಯುವುದು ಹೇಗೆ ಅಂತ ತೋರಿಸಿದೆ. ಈಗ ಅವಳೇ ಮಾಡುತ್ತಾಳೆ, ಅರಶಿನ ಹಾಕಿಯೇ.

ಸೂಟ್‌ಕೇಸ್ ತುಂಬುವಾಗ ಒಂದು ಕೆಲಸ ಮಾಡಿ. ಅಪ್ಪನ ಅಥವಾ ಅಜ್ಜನ ಎರಡು ಹಳೆ ಬಿಳಿ ಪಂಚೆ ಕೇಳಿ ತೆಗೆದುಕೊಳ್ಳಿ. ಒಗೆದು ಒಗೆದು ಮೆತ್ತಗಾದ ಆ ಹತ್ತಿ ಬಟ್ಟೆ ಹೀರುವಷ್ಟು ಅಲ್ಲಿನ ಯಾವ ಪೇಪರ್ ರೋಲೂ ಹೀರುವುದಿಲ್ಲ. ಅಂಚು ಮಾತ್ರ ಕತ್ತರಿಸಿ, ಒದ್ದೆಯಾದರೆ ಅದರ ಬಣ್ಣ ಕಾರ್ಪೆಟ್‌ಗೆ ಹಿಡಿಯುತ್ತದೆ. ಕತ್ತರಿಸಿದ ಅಂಚನ್ನು ಎಸೆಯಬೇಡಿ. ನನ್ನದು ಇನ್ನೂ ಹೊಲಿಗೆ ಡಬ್ಬಿಯಲ್ಲಿದೆ.